ಹುಚ್ಚಮ್ಮನ ಹೆಸರು

“ಮೇಡಂ, ನಿಮ್ಮ ಫಾರಂ ಹೆಸರು ತಗೊಳ್ತಿಲ್ಲ. ‘ಅಕ್ಷರ ಮಾತ್ರ ಬರೆಯಿರಿ’ ಅಂತ ಕೆಂಪಗೆ ತೋರಿಸ್ತಿದೆ. ನಾನು ಬರೀತಿರೋದು ಅಕ್ಷರ ಅಲ್ದೆ ಇನ್ನೇನು?”

ಫೋನಿನಲ್ಲಿದ್ದವನು ಗೋವಿಂದ. ಭದ್ರಾವತಿಯ ಉಚಿತ ಕಣ್ಣಿನ ಶಿಬಿರದಲ್ಲಿ ಹೆಸರು ಬರೆದುಕೊಳ್ಳಲು ಕೂತವನು. ಆ ಫಾರಂ ಮಾಡಿಕೊಟ್ಟವಳು ಶಿವಮೊಗ್ಗದ ಸವಳಂಗ ರಸ್ತೆಯ ಸಣ್ಣ ಆಫೀಸಿನ ಸುಮನಾ. ಹೆಸರಿನ ಜಾಗದಲ್ಲಿ ಅಂಕಿ, ಚುಕ್ಕಿ ಏನೂ ನುಸುಳದಂತೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿದ್ದಳು. ‘ಕಮಲ’, ‘ಜಲಜ’ ಎಂದು ಬರೆದು ಪರೀಕ್ಷಿಸಿಯೂ ಇದ್ದಳು. ಎರಡೂ ಸಲೀಸಾಗಿ ಹೋಗಿದ್ದವು.

“ಯಾವ ಹೆಸರು ಬರೆದ್ರಿ?”

“ಹುಚ್ಚಮ್ಮ.”

ಸುಮನಾ ತಾನೇ ಒಂದೊಂದೇ ಕೀಲಿ ಒತ್ತಿ ನೋಡಿದಳು. ‘ಹ’ ಬಂತು. ಕೊಂಬು ಕೊಟ್ಟೊಡನೆ ಕೆಂಪಾಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ಕೊಂಬು, ದೀರ್ಘ, ಒತ್ತಿನ ಗುರುತು ಯಾವುದೂ ಅಕ್ಷರವಲ್ಲ. ಅವಳು ಪರೀಕ್ಷಿಸಿದ ಎರಡು ಹೆಸರಲ್ಲೂ ಅವು ಇರಲಿಲ್ಲ. ಹತ್ತು ನಿಮಿಷದಲ್ಲಿ ಆ ಸಾಲನ್ನು ತಿದ್ದಿದಳು.

“ಈಗ ನೋಡಿ.”

“ಈಗ ಹೋಗ್ತಿದೆ ಮೇಡಂ. ಆದ್ರೆ ಆ ಅಜ್ಜಿ ಇಲ್ಲ. ಸಾಲಲ್ಲಿ ಮೊದಲನೆಯೋರೇ ಅವರು. ಹೆಸರು ತಗೊಳ್ತಿಲ್ಲ ಅಂದೆ, ಹಿಂದೆ ಯಾರೋ ನಕ್ರು, ಎದ್ದು ಹೋಗೇಬಿಟ್ರು. ಮಲವಗೊಪ್ಪದೋರು. ಹನ್ನೆರಡಕ್ಕೆ ಆಪರೇಷನ್ ಪಟ್ಟಿ ಮುಗಿಸ್ತಾರೆ.”

ಗಂಟೆ ಹತ್ತೂವರೆ. ಸುಮನಾ ಸ್ಕೂಟರಿನ ಕೀ ತೆಗೆದುಕೊಂಡಳು.

ಮಲವಗೊಪ್ಪದಲ್ಲಿ ಎರಡು ಅಂಗಡಿಯಲ್ಲಿ ಕೇಳಿದ ಮೇಲೆ ಮನೆ ಸಿಕ್ಕಿತು. ಹುಚ್ಚಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಹುಳುಕು ಕಾಳನ್ನು ಬೆರಳಲ್ಲೇ ಸವರಿ ಬೇರೆ ಮಾಡುತ್ತಿದ್ದಳು.

“ಅಜ್ಜಿ, ಕ್ಯಾಂಪಿನ ಕಡೆಯಿಂದ ಬಂದಿದೀನಿ. ನಡೀರಿ, ಈಗ ಹೆಸರು ಬರ್ಕೊಳ್ತಾರೆ.”

“ಬ್ಯಾಡ ಕಣಮ್ಮ. ನಮ್ಮವ್ವ ದೇವರ ಹೆಸರು ಅಂತ ಇಟ್ಳು. ಇಸ್ಕೂಲಲ್ಲಿ ನಕ್ರು, ಗಂಡನ ಮನೇಲಿ ನಕ್ರು. ಈಗ ಮಿಷಿನ್ನೂ ಬ್ಯಾಡ ಅಂತು.” ಇನ್ನೊಂದು ಕಾಯಿ ಸುಲಿದು ಕೇಳಿದಳು: “ಬೇರೆ ಹೆಸರು ಹೇಳಿದ್ರೆ ಆಗ್ತದಾ?”

ಮಿಷಿನ್ನಿನದೇ ತೊಂದರೆ ಎಂಬ ಮಾತು ಸುಮನಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಮಿಷಿನ್ನಿಗೆ ಏನು ಗೊತ್ತು ಅಜ್ಜಿ? ಅದಕ್ಕೆ ಹೇಳಿಕೊಟ್ಟವಳು ನಾನು. ಕೊಂಬು, ಒತ್ತು ಸೇರಿಸೋದನ್ನ ಮರೆತಿದ್ದೆ. ನಿಮ್ಮ ಹೆಸರು ಸರಿಯಾಗೇ ಇದೆ. ತಪ್ಪು ನಂದು.”

ಹುಚ್ಚಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. “ಇಷ್ಟು ಓದಿದೋಳು ಒತ್ತು ಮರೆತ್ಯಾ ಮಾರಾಯ್ತಿ?” ಎಂದು ನಕ್ಕಳು. ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು. “ತಡಿ, ಸೀರೆ ಬದಲಾಯಿಸ್ಕೊಂಡು ಬರ್ತೀನಿ.”

ಶಿಬಿರ ಮುಟ್ಟಿದಾಗ ಹನ್ನೆರಡಕ್ಕೆ ಕಾಲು ಗಂಟೆಯಿತ್ತು. ಗೋವಿಂದ ತಗ್ಗಿದ ದನಿಯಲ್ಲಿ ಹೆಸರು ಕೇಳಿದ. ಹುಚ್ಚಮ್ಮ ಸಾಲಿಗೆಲ್ಲ ಕೇಳುವಂತೆ ಹೇಳಿದಳು. ಹೆಸರು ಅಚ್ಚಾಗಿ ಬಂದ ಚೀಟಿಯನ್ನು ನರ್ಸ್ ಅವಳ ಎಡ ಮುಂಗೈಗೆ ಕಟ್ಟಿ, ಮುಖ ತೊಳೆದು ಬರಲು ಕಳಿಸಿದಳು.

ಹಿತ್ತಲ ನಲ್ಲಿಯ ಮುಂದೆ ಹುಚ್ಚಮ್ಮ ಬಲಗೈಯೊಂದರಲ್ಲೇ ನೀರು ಎರಚಿಕೊಂಡಳು. ಚೀಟಿ ನೆನೆಯದ ಹಾಗೆ ಎಡಗೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಿದ್ದಳು.