ಅಮ್ಮನ ಕೊನೆಯ ಸ್ಲೈಡು

ಬೆಳಗಿನಿಂದ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು. ಅಕ್ಕನೇ. ಸಾಕಾಗಿ ಎತ್ತಿದೆ.

“ನಾಳೆ ಆಪರೇಷನ್ನಿಗೆ ಹೋಗ್ತೀಯೋ, ಈ ಸಲಾನೂ ಕೈ ಕೊಡ್ತೀಯೋ?”

“ನೋಡೋಣ ಅಂದ್ನಲ್ಲ! ಕೆಲಸ ಇದೆ ಅಕ್ಕ, ತಲೆ ತಿನ್ಬೇಡ.”

ಅಮ್ಮ ಹೋದದ್ದು ಅಂಡಾಶಯದ ಕ್ಯಾನ್ಸರಿನಿಂದ. ಅವಳ ಕೆಟ್ಟ ಜೀನು ನಮ್ಮಿಬ್ಬರಿಗೂ ಬಂದಿದೆ. ಅಮ್ಮ ಜಗಳವಿಲ್ಲದೆ ಹಂಚಿದ ಆಸ್ತಿ ಇದೊಂದೇ ಎಂದು ಅಕ್ಕ ನಗುತ್ತಾಳೆ. ಅವಳು ಅಂಡಾಶಯ, ಅದರ ನಾಳ ಎಲ್ಲವನ್ನೂ ತೆಗೆಸಿಕೊಂಡು ಹಾಯಾಗಿದ್ದಾಳೆ. ನನಗೋ, ನೋವಿಲ್ಲದೆ ನೆಟ್ಟಗಿರುವುದನ್ನು ಕತ್ತರಿಸಿಕೊಳ್ಳಬೇಕೆಂದರೆ ಮೈ ಉರಿಯುತ್ತದೆ. ಹೆದರಿಕೆಯೂ ಇದೆ, ಸುಳ್ಳೇಕೆ.

ಹಾಗೆ ತೆಗೆಸಿಕೊಂಡ ಹೆಂಗಸರ ನಾಳಗಳು ಮೇಣದಲ್ಲಿ ಹುದುಗಿಸಿದ ತುಂಡುಗಳಾಗಿ ನಾನು ಕೆಲಸ ಮಾಡುವ ಲ್ಯಾಬಿಗೆ ಬರುತ್ತವೆ. ನಾನು ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕುತ್ತೇನೆ. ಒಂದು ಪ್ರೋಟೀನು ಅತಿಯಾಗಿ ಸೇರಿಕೊಂಡ ಕಡೆ ಕಂದು ಮೂಡುತ್ತದೆ. ಅಂಡಾಶಯದ ಕ್ಯಾನ್ಸರು ಎಷ್ಟೋ ಸಲ ಈ ನಾಳದಲ್ಲೇ ಶುರುವಾಗುವುದರಿಂದ, ಅದರ ಮೊದಲ ಸುಳಿವು ಇದಿರಬಹುದು. ಬಣ್ಣವನ್ನು ನಂಬಬಹುದೇ ಎಂದು ತಿಳಿಯಲು ಪ್ರತಿ ಸಲವೂ ಅಮ್ಮನ ಆಪರೇಷನ್ನಿನಲ್ಲಿ ತೆಗೆದ ತುಂಡಿನಿಂದ ಕೊಯ್ದ ಒಂದು ಸ್ಲೈಡು ಜೊತೆಗಿರುತ್ತದೆ. ಅದರಲ್ಲಿ ಗಡ್ಡೆ ಕಂದಾಗಬೇಕು, ಪಕ್ಕದ ಒಳ್ಳೆಯ ಭಾಗ ನೀಲಿಯಾಗಿಯೇ ಉಳಿಯಬೇಕು. “ನನ್ನ ಮಗಳ ಕೈಗೇ ಕೊಡಿ, ಚೆನ್ನಾಗಿ ಕೊಯ್ತಾಳೆ” ಎಂದು ಅವಳೇ ಡಾಕ್ಟರಿಗೆ ಹೇಳಿದ್ದಳು.

ಇವತ್ತು ನನ್ನ ವಯಸ್ಸಿನವಳೇ ಒಬ್ಬಳ ನಾಳ. ಆಸ್ಪತ್ರೆಯವರು ಎಲ್ಲ ಸರಿಯಿದೆ ಎಂದಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಲಕ್ಷಣವಾಗಿ ಸಾಲಾಗಿ ನಿಂತ ಜೀವಕೋಶಗಳ ನಡುವೆ ಕಡುಕಂದಿನ ಪಟ್ಟಿ. ಲ್ಯಾಬಿನ ಡಾಕ್ಟರನ್ನು ಕರೆದೆ.

“ಬಣ್ಣ ಕೆಟ್ಟಿರ್ಬೇಕು ಮೇಡಂ.”

ಡಾಕ್ಟರು ಬಗ್ಗಿ ನೋಡಿದರು. “ನಿಮ್ಮಮ್ಮಂದು ಸರಿಯಾಗೇ ಬಂದಿದೆಯಲ್ಲ?”

“ಇನ್ನೊಂದ್ಸಲ ಮಾಡ್ತೀನಿ.”

“ಒಂದ್ಸಲಕ್ಕಾಗೋಷ್ಟೇ ಉಳಿದಿರೋದು. ಆಮೇಲೆ ಅಮ್ಮಂದು ಇರಲ್ಲ.”

“ಆಗ್ಲಿ!” ಎಂದೆ, ಅವರೊಡನೆ ಜಗಳಕ್ಕೆ ನಿಂತವಳ ಹಾಗೆ.

ಮೇಣದಲ್ಲಿ ಉಳಿದಿದ್ದ ಚೂರನ್ನು ಕೊಯ್ದೆ. ಬಣ್ಣ ಹಿಡಿಯುವವರೆಗೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸಿದೆ. ಬಣ್ಣ ಸುಳ್ಳಾಗಲಿ, ಅಮ್ಮನದೂ ಪೂರ್ತಿ ಕಂದಾಗಿ ಹಾಳಾಗಲಿ ಎಂದು ಬೇಡಿಕೊಂಡೆ.

ಹಾಳಾಗಲಿಲ್ಲ. ಅಮ್ಮನ ಗಡ್ಡೆ ಕಂದು, ಪಕ್ಕದ್ದು ನೀಲಿ. ಆ ಹೆಂಗಸಿನ ಪಟ್ಟಿಯೂ ಇದ್ದಲ್ಲೇ ಇತ್ತು. ಪುಣ್ಯಕ್ಕೆ ಅವಳು ಅದನ್ನು ತೆಗೆಸಿಕೊಂಡಿದ್ದಳು. ನನ್ನದು ಇನ್ನೂ ನನ್ನೊಳಗೇ ಇತ್ತು.

ನಾನೇ ಅಕ್ಕನಿಗೆ ಫೋನು ಮಾಡಿದೆ.

“ಏನು, ಹೊಸ ನೆಪವಾ?”

“ಅಮ್ಮಂದು ಮುಗೀತು ಅಕ್ಕ,” ಎನ್ನುವಷ್ಟರಲ್ಲಿ ಅಳು ಬಂತು. “ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನೀನೂ ಬಾ. ನಂದನ್ನ ಲ್ಯಾಬಿಗೆ ಕೊಡ್ಲಿ, ಬೇಡ ಅನ್ನಲ್ಲ. ಆದ್ರೆ ಕೊಯ್ಯೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಲಿ.”