ನೋಡಿಕೊಳ್ಳುವವರು

ಮೂರನೆಯ ಸಲವೂ ತಾರೀಕು ಮೂವತ್ತೊಂದು ಎಂದು ಕೊಟ್ಟರೆ ಒಂದು ಎಂದೇ ಬಂತು. ಭೈರೇಶ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. ರೋಗಿಗಳಿಗೆ ಡಾಕ್ಟರರ ಭೇಟಿಯ ದಿನ ಗೊತ್ತುಮಾಡುವ ಸಾಫ್ಟ್‌ವೇರ್ ಅದು. ಈ ತಿಂಗಳಿಂದ ತಿಂಗಳ ಕೊನೆಯ ದಿನವೂ ಆಸ್ಪತ್ರೆ ತೆರೆದಿರುತ್ತದೆ. ಆ ದಿನಕ್ಕೆ ಹೆಸರು ಬರೆಸಿದವರೆಲ್ಲ ಮರುದಿನಕ್ಕೆ ಹೋಗಿ ಬೀಳುತ್ತಿದ್ದರು. ಇವತ್ತಾಗಲೇ ಇಪ್ಪತ್ತೊಂಬತ್ತು.

ಫೋನಿನಲ್ಲಿ ಅವನ ಟೀಮ್ ಲೀಡ್ ಚೈತ್ರ. "ನಾಲ್ಕು ಗಂಟೆಗೆ ಕೊಡ್ತೀರ ತಾನೇ?"

"ನೋಡ್ತಾ ಇದೀನಿ."

"ನೋಡ್ತಾ ಇದೀನಿ ಅಂದ್ರೆ?"

"ನೋಡ್ತಾ ಇದೀನಿ ಅಂತ."

ತಾರೀಕಿನ ಲೆಕ್ಕ ಅವನು ಬರೆದದ್ದಲ್ಲ. ಆ ಕಸುಬಿನಲ್ಲಿ ಯಾರೂ ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಎಲ್ಲಿಯವರೋ ಬರೆದು ಪುಕ್ಕಟೆ ಬಿಟ್ಟ ಕೋಡಿನ ಲೈಬ್ರರಿಯ ಹೆಸರನ್ನೂ ವರ್ಷನ್ ಅಂಕಿಯನ್ನೂ ಒಂದು ಪಟ್ಟಿಗೆ ಸೇರಿಸಿದರೆ ಸಾಕು, ಬಿಲ್ಡ್ ಮಾಡುವಾಗ, ಅಂದರೆ ಎಲ್ಲ ಜೋಡಿಸಿ ಸಾಫ್ಟ್‌ವೇರ್ ಕಟ್ಟುವಾಗ, ಅದು ತಾನೇ ಬಂದು ಕೂಡಿಕೊಳ್ಳುತ್ತದೆ. ಹೊಸದು ಬಂದರೂ ಹಳೆಯದೇ ಇರಲೆಂದು ಆ ಅಂಕಿಯನ್ನು ಆರು ವರ್ಷದ ಹಿಂದೆ ಬಿಗಿದವನು ಭೈರೇಶನೇ. ನಡೆಯುತ್ತಿರುವುದನ್ನು ಮುಟ್ಟಬಾರದು ಎಂಬುದು ಅವನ ಧರ್ಮ. ಮದುವೆಯಲ್ಲೂ ಅದನ್ನೇ ಪಾಲಿಸಿದ್ದ.

ಲೈಬ್ರರಿಯ ಪುಟ ತೆರೆದ. ಹೆನ್ರಿಕ್ ಎಂಬ ಒಬ್ಬನೇ ಮನುಷ್ಯ ಅದನ್ನು ನೋಡಿಕೊಳ್ಳುತ್ತಿದ್ದ. ನಾಲ್ಕು ವರ್ಷದ ಹಿಂದೆಯೇ ತಪ್ಪು ತಿದ್ದಿ, ತೊಂದರೆಯಾದವರು ಕ್ಷಮಿಸಿ ಎಂದು ಬರೆದಿದ್ದ. ಭೈರೇಶ ಪಟ್ಟಿಯಲ್ಲಿ ಅಂಕಿ ಬದಲಿಸಿದ. ಬಿಲ್ಡ್ ಆಯಿತು. ಮೂವತ್ತೊಂದು ಮೂವತ್ತೊಂದಾಗಿಯೇ ನಿಂತಿತು.

ಅವನ ಎದೆ ತುಂಬಿಬಂತು. ಆರು ವರ್ಷ ತಾನು ಉಂಡ ಅನ್ನದಲ್ಲಿ ಈ ಅಪರಿಚಿತನ ಪಾಲಿತ್ತು. ಕೂತಲ್ಲೇ ಕೈ ಮುಗಿಯಬೇಕೆನಿಸಿತು.

ಹೆಂಡತಿ ಶೋಭಾರಾಣಿ ರಾಗಿರೊಟ್ಟಿಯ ತಟ್ಟೆ ತಂದಳು. "ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು."

"ಇಡು."

"ಇಟ್ಟಾಯ್ತು." ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ಆರ್‌ಪಿಸಿ ಲೇಔಟ್‌ಗೆ ಹೋಗ್ತೀನಿ, ಅಕ್ಕನ ಮನೆಗೆ. ಇವತ್ತು ಬರಲ್ಲ."

"ಹ್ಞೂಂ."

ಅವನು ಆಗಲೇ ಪತ್ರ ಬರೆಯುತ್ತಿದ್ದ. ಹದಿಮೂರು ವರ್ಷದಲ್ಲಿ ಅವಳಿಗೆ ಹೇಳದ ಮಾತುಗಳು ಹೆನ್ರಿಕನಿಗೆ, ಇಂಗ್ಲಿಷಿನಲ್ಲಿ, ಸರಾಗವಾಗಿ ಹರಿದವು. ನಿಮ್ಮ ಉಪಕಾರ ದೊಡ್ಡದು. ನೀವಿಲ್ಲದಿದ್ದರೆ ನಾನಿಲ್ಲ. ಅವನ ಅಪ್ಪ ಬೈರಯ್ಯ ನೆಂಟರನ್ನೂ, ಸೈಟು ವಿಚಾರಿಸಲು ಬಂದವರನ್ನೂ ಗೇಟಿನವರೆಗೆ ಬಿಟ್ಟುಬಂದು ಹೇಳುತ್ತಿದ್ದ ಮಾತೊಂದಿತ್ತು. ಅವರಿದ್ದ ನಾಗರಭಾವಿಯಲ್ಲಿ ಅದನ್ನು ಯಾರೂ ನಿಜವೆಂದು ತೆಗೆದುಕೊಂಡವರಲ್ಲ. ರೂಢಿಯಂತೆ ಕೊನೆಗೆ ಅದನ್ನೂ ಸೇರಿಸಿದ: ನನ್ನಿಂದ ಏನಾಗಬೇಕಿದ್ದರೂ ಸಂಕೋಚವಿಲ್ಲದೆ ಹೇಳಿ.

ನಾಲ್ಕಕ್ಕೆ ಚೈತ್ರ, "ಬಚಾವಾದ್ವಿ ಸಾರ್, ಥ್ಯಾಂಕ್ಸ್" ಎಂದಳು. ಥ್ಯಾಂಕ್ಸ್ ಸಲ್ಲಬೇಕಾದ್ದು ನನಗಲ್ಲ ಎನ್ನಬೇಕೆಂದುಕೊಂಡ. "ಪರ್ವಾಗಿಲ್ಲ" ಎಂದ.

ಐದಕ್ಕೆ ಹೆನ್ರಿಕನ ಉತ್ತರ ಬಂತು. ಹನ್ನೊಂದು ವರ್ಷದಲ್ಲಿ ಉಪಕಾರ ನೆನೆದು ಬರೆದವರು ನೀವೊಬ್ಬರೇ. ನನಗೆ ದಣಿವಾಗಿದೆ. ನೀವಾಗಿಯೇ ಕೇಳಿದಿರಿ, ಆ ಮಾತನ್ನು ಸಾಯುವವರೆಗೆ ಮರೆಯುವುದಿಲ್ಲ. ಇನ್ನು ಮೇಲೆ ಲೈಬ್ರರಿ ನಿಮ್ಮದು.

ಭೈರೇಶ ಪುಟವನ್ನು ಮತ್ತೆ ತೆರೆದ. ನೋಡಿಕೊಳ್ಳುವವರು ಎಂದಿದ್ದ ಕಡೆ ಹೆನ್ರಿಕನ ಹೆಸರಿರಲಿಲ್ಲ; ತನ್ನದೊಂದೇ ಇತ್ತು. ಅದನ್ನು ನಂಬಿಕೊಂಡ ಸಾಫ್ಟ್‌ವೇರ್‌ಗಳು ನಲವತ್ತೊಂದು ಸಾವಿರ. ಹಾಗಲ್ಲ, ಅದು ಮಾತಿಗೆ ಹೇಳಿದ್ದು ಎಂದು ಬರೆಯಹೋದ. ಇಂಗ್ಲಿಷಿನಲ್ಲಿ ಅದಕ್ಕೆ ಮರ್ಯಾದೆಯ ಮಾತು ಸಿಗಲಿಲ್ಲ.

"ಶೋಭಾ" ಎಂದು ಕರೆದ. ರಾಗಿರೊಟ್ಟಿ ತಟ್ಟೆಯಲ್ಲೇ ಆರಿಹೋಗಿತ್ತು.

ಪರದೆಯ ಮೇಲೆ ಆಗಲೇ ಲೈಬ್ರರಿಯ ಬಗ್ಗೆ ಅವನ ಹೆಸರಿಗೆ ಒಂದು ದೂರು ಬಂದು ನಿಂತಿತ್ತು, ಅವನು ಎಂದೂ ಕಂಡಿರದ ಲಿಪಿಯಲ್ಲಿ, ಉದ್ದಕ್ಕೆ. ಅವನಿಗೆ ತಿಳಿದದ್ದು ಕೊನೆಯ ಪ್ರಶ್ನಾರ್ಥಕ ಚಿಹ್ನೆ ಮಾತ್ರ.