ಬೊರ್ತೊಲೀನಜ್ಜಿಯ ಯೇಸು

ಬೊರ್ತೊಲೀನಜ್ಜಿಯ ಮಡಿಲಲ್ಲಿದ್ದ ಪಟದೊಳಗಿದ್ದದ್ದು ಯೇಸು ಅಲ್ಲ, ಗರಿಬಾಲ್ಡಿ. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಗರಿಬಾಲ್ಡಿಯ ಪಟ, ಕರಪತ್ರ, ಬೆಂಕಿಪೊಟ್ಟಣದ ಚೀಟಿ ಎಂದು ಬೆರ್ಗಮೋದ ಸಂತೆಗಳಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಆಸ್ಟ್ರಿಯಾದವರು ನಮ್ಮ ಸೀಮೆಯನ್ನು ಆಳುತ್ತಿದ್ದಾಗ ಪೊಲೀಸರ ಕಣ್ಣಿಗೆ ಮಣ್ಣೆರಚಲು ಇಟಲಿಯ ಬಿಡುಗಡೆಗೆ ಹೋರಾಡಿದ ನಮ್ಮ ಈ ದಂಡನಾಯಕನನ್ನು ಯೇಸುವಿನ ವೇಷದಲ್ಲಿ ಅಚ್ಚು ಹಾಕಿಸುತ್ತಿದ್ದರು. ಅಂಥದ್ದೊಂದು ಹಾಳೆಗಾಗಿ ನಾನು ಹುಡುಕದ ಅಟ್ಟವಿಲ್ಲ. ಇಲ್ಲಿ ನೋಡಿದರೆ ಚೌಕಟ್ಟಿಗೆ ಗಾಜು ಕೂಡ ಇಲ್ಲ!

"ಇದನ್ನ ಮಾರಲ್ಲ ಕಣಪ್ಪಾ ಫೆರ್ಮೊ," ಅಂದಳು ಅಜ್ಜಿ. "ಇವತ್ತಂತೂ ಕೇಳ್ಲೇಬೇಡ."

ನಾನು ಬಂದ ಗಳಿಗೆ ಸರಿಯಿರಲಿಲ್ಲ. ಅವಳ ಒಬ್ಬನೇ ಮಗ ಬತ್ತಿಸ್ತನಿಗೆ ಆ ಹೊತ್ತಿನಲ್ಲೇ ಪಟ್ಟಣದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ನಡೆಯುತ್ತಿತ್ತು. ಅಜ್ಜಿ ಪಟವನ್ನು ಅಪ್ಪಿಕೊಂಡು ಫೋನಿನ ಪಕ್ಕ ಕೂತಿದ್ದಳು. ಒಲೆಯ ಮೇಲೆ ಮೆಕ್ಕೆಜೋಳದ ಪೊಲೆಂತಾ ಗಂಜಿ ತಳ ಹಿಡಿಯುತ್ತಿತ್ತು.

ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಪೋಪರ ರಾಜ್ಯದ ಮೇಲೇ ದಂಡೆತ್ತಿ ಹೋದ ಗರಿಬಾಲ್ಡಿ ಅಜ್ಜಿಯ ಪಾಲಿಗೆ ಸೈತಾನ. ಇವನು ಅವನೇ ಎಂದು ತಿಳಿದರೆ ಪಟವನ್ನು ಇಕ್ಕಳದಲ್ಲಿ ಹಿಡಿದು ನನ್ನ ಕಡೆ ಎಸೆಯುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಸೆಗೆ ನಾಚಿಕೆ ಎಲ್ಲಿ?

ಅಷ್ಟರಲ್ಲಿ ಊರಿನ ಪಾದ್ರಿ ಎವರಿಸ್ತೊ ಅಜ್ಜಿಗೆ ಧೈರ್ಯ ಹೇಳಲು ಬಂದರು. ದೇವರ ವಿಷಯದಲ್ಲಿ ಕೂದಲಷ್ಟೂ ಸಡಿಲ ಬಿಡದ ಮನುಷ್ಯ. ಪ್ರಾರ್ಥನೆಗೆಂದು ಪಟ ಕೈಗೆತ್ತಿಕೊಂಡವರು ಕನ್ನಡಕ ಸರಿಮಾಡಿಕೊಂಡರು.

"ಈ ಗಡ್ಡ, ಈ ಕಣ್ಣು... ಎಲ್ಲಿ ಸಿಕ್ತಮ್ಮಾ ಇದು?"

"ನಮ್ಮತ್ತೆಯ ಅತ್ತೆಯಿಂದ ಬಂದಿದ್ದು, ಫಾದರ್." ಅಜ್ಜಿ ಕೂತಲ್ಲಿಂದ ಅರ್ಧ ಎದ್ದಳು. "ಯಾಕೆ, ಏನಾದ್ರೂ ತಪ್ಪಾಯ್ತಾ? ಬೆಳಗ್ಗಿಂದ ಇವನ್ನೇ ಬೇಡ್ಕೊತಾ ಇದೀನಿ."

ಪಾದ್ರಿ ನನ್ನತ್ತ ತಿರುಗಿದರು. "ಹಳೇ ಕಾಗದ ನಿನಗೆ ಗೊತ್ತಲ್ಲ. ಯಾರಪ್ಪಾ ಇದು?"

ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಯೇಸುಸ್ವಾಮಿ, ಫಾದರ್. ಇನ್ಯಾರು? ಅಚ್ಚು ಹಾಕಿದವನ ಕೈ ಒರಟು, ಅಷ್ಟೆ."

"ಸರಿಯಾಗಿ ನೋಡಿ ಹೇಳು."

"ನೋಡಿದೀನಿ, ಫಾದರ್."

ಫೋನ್ ಹೊಡೆದುಕೊಂಡಿತು. ಯಾರೂ ಅಲುಗಾಡಲಿಲ್ಲ. ಕೊನೆಗೆ ಪಾದ್ರಿಯೇ ಎತ್ತಿದರು, ಕೇಳಿಸಿಕೊಂಡರು, ಕುರ್ಚಿಗೆ ಕುಸಿದರು. "ಬದುಕಿದಾನಮ್ಮಾ."

ಅಜ್ಜಿ ಅವರ ಕೈಯಿಂದ ಪಟ ಕಿತ್ತುಕೊಂಡು ಗರಿಬಾಲ್ಡಿಯ ಹಣೆಗೆ ಲೊಚಲೊಚನೆ ಮುತ್ತಿಟ್ಟಳು. "ಮಗ ಉಳಿದ್ರೆ ಈ ಯೇಸುನ ಚರ್ಚಿಗೆ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ. ಫೆರ್ಮೊ, ನೀನು ಉದ್ದಕಿದೀಯ, ಬಾ, ಮೊಳೆ ಹೊಡಿ."

ಚರ್ಚಿನ ಗೋಡೆಯಲ್ಲಿ, ಹರಕೆ ಹೊತ್ತವರು ಕೊಟ್ಟ ಪುಟ್ಟ ಬೆಳ್ಳಿ ಹೃದಯಗಳ ನಡುವೆ, ನಾನೇ ಮೊಳೆ ಹೊಡೆದು ಅವನನ್ನು ತೂಗುಹಾಕಿದೆ. ಅಜ್ಜಿ ಸರಿಯಾಗಿ ಅವನ ಗಡ್ಡದ ಕೆಳಗೇ ಮೇಣದಬತ್ತಿ ಹಚ್ಚಿದಳು.

"ಒಂಚೂರು ದೂರ ಇಡಿ ಅಜ್ಜಿ, ಹೊಗೆಗೆ ಮುಖ ಕಪ್ಪಾಗುತ್ತೆ."

"ಆಗ್ಲಿ ಬಿಡೋ. ಎಷ್ಟು ಜನ ಬೇಡ್ಕೊಂಡಿದಾರೆ ಅಂತ ಗೊತ್ತಾಗುತ್ತೆ." ಇನ್ನೊಂದು ಬತ್ತಿ ತೆಗೆದು ನನ್ನ ಕೈಗಿಟ್ಟಳು. "ತಗೋ, ನೀನೂ ಹಚ್ಚು."

ಹಚ್ಚಿದೆ.